ಇಬ್ಬರಿಗೂ ಸೇರಿದ ಗೋಡೆ

ಹಾನಗಲ್ಲಿನ ತಾರಕೇಶ್ವರ ದೇವಾಲಯದಿಂದ ಕೂಗಳತೆಯ ದೂರದ ಓಣಿಯೊಂದರಲ್ಲಿ ನಮ್ಮ ಅಜ್ಜನವರು ಕೊಂಡ ಮನೆಯಿದೆ. ಆ ಸಾಲಿನ ಮನೆಗಳ ನಡುವೆ ಒಂದು ಗೇಣಿನಷ್ಟೂ ಸಂದಿಯಿಲ್ಲ. ಎರಡು ಮನೆಗಳಿಗೆ ಒಂದೇ ಗೋಡೆ. ಹಳೆಯ ಕಾಗದಪತ್ರಗಳಲ್ಲಿ ಅದನ್ನು ‘ಸಾಮಾಯಿಕ ಗೋಡೆ’ ಎಂದು ಬರೆಯಲಾಗಿದೆ. ಆ ಮಾತಿನ ಅರ್ಥ ತಿಳಿಯಲು ನನಗೆ ಐವತ್ತು ವರ್ಷಗಳು ಬೇಕಾದವು. ಈ ಬರಹ ಒಂದು ಬಗೆಯಲ್ಲಿ ನನ್ನ ತಪ್ಪೊಪ್ಪಿಗೆ.

ಬೀದಿಗೆ ಮುಖಮಾಡಿದ ಕಲ್ಲಿನ ಕಟ್ಟೆ, ತಲೆಬಾಗಿಯೇ ದಾಟಬೇಕಾದ ಬಾಗಿಲು, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು ಎಲ್ಲವೂ ಒಂದರ ಹಿಂದೊಂದು. ಪಕ್ಕಗಳಲ್ಲಿ ಕಿಟಕಿಗೆ ಎಡೆಯಿಲ್ಲದ್ದರಿಂದ ನಡುಮನೆಗೆ ಬೆಳಕು ಇಳಿಯುವುದು ಮೇಲಿನ ಬೆಳಕಿಂಡಿಯಿಂದ. ಗೋಡೆಗಳು ಎರಡು ಅಡಿ ದಪ್ಪ. ಕೆಳಗೆ ಕಲ್ಲು, ಮೇಲೆ ಮಣ್ಣು. ಹಿಂಭಾಗಕ್ಕೆ ತೊಲೆ, ಜಂತೆ, ಹಲಗೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ. ಮುಂಭಾಗಕ್ಕೆ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹಬ್ಬಿದ ಈ ಹಂಚು, ಮಲೆನಾಡಿನ ಸೆರಗಿನಲ್ಲಿರುವ ನಮ್ಮೂರಿನ ಮಳೆಗೆ ಚೆನ್ನಾಗಿ ಒದಗಿಬಂದಿತು. ಮಣ್ಣಿನ ಗೋಡೆ ನೂರು ವರ್ಷ ಬಾಳಬಲ್ಲದು. ಆದರೆ ನೆತ್ತಿಯಿಂದ ನೀರು ಇಳಿದರೆ ಎರಡೇ ಮಳೆಗಾಲಕ್ಕೆ ಒಳಗಿನಿಂದ ಕರಗುತ್ತದೆ.

ಹಾನಗಲ್ಲು ಹಿಂದೆ ಪಾನುಂಗಲ್ಲು ಎಂಬ ಹೆಸರಿನಿಂದ ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿತ್ತು. ತಾರಕೇಶ್ವರ ದೇವಾಲಯವು ಕಲ್ಯಾಣದ ಚಾಲುಕ್ಯರ ಕಾಲದ್ದು, 12ನೆಯ ಶತಮಾನದ ಶೈಲಿಯದು. ಚಿಕ್ಕಂದಿನಲ್ಲಿ ತಂದೆಯವರು ನಮ್ಮನ್ನು ಅದರ ದೊಡ್ಡ ಮಂಟಪದ ನಡುವೆ ನಿಲ್ಲಿಸಿ ಮೇಲೆ ನೋಡಲು ಹೇಳುತ್ತಿದ್ದರು. ಎಂಟು ಮೂಲೆಯ ಕಲ್ಲಿನ ಸುತ್ತುಗಳು ಒಂದರ ಮೇಲೊಂದು ಒಳಮುಖವಾಗಿ ಚಾಚುತ್ತ ಹೋಗಿ, ನಟ್ಟನಡುವೆ ಕಮಲವೊಂದು ಕೆಳಮುಖವಾಗಿ ತೂಗುತ್ತದೆ. “ಒಂದು ಕಲ್ಲು ಇನ್ನೊಂದರ ಭಾರದಿಂದ ನಿಂತೈತಿ. ನಡುವಿನ ಒಂದನ್ನ ತಗದರ ಎಲ್ಲಾ ಕೆಳಗ” ಎನ್ನುತ್ತಿದ್ದರು ತಂದೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಕೋಟೆಯೊಳಗೆ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ನಿಂತಿರುವ ನಗರೇಶ್ವರವನ್ನೂ, ಅದರ ತಿರುಗಣಿಯಲ್ಲಿ ಕಡೆದಂಥ ಕಂಬಗಳನ್ನೂ ಅವರೇ ನಮಗೆ ತೋರಿಸಿದರು. ಅವರು ತೋರಿಸಿದ್ದನ್ನು ನಾವು ಕಂಡೆವು, ಕಲಿಯಲಿಲ್ಲ.

ತಂದೆಯವರು ತೀರಿಕೊಂಡ ಮೇಲೆ, ಮನೆಯನ್ನು ಕೆಡವಿ ಮೂರಂತಸ್ತಿನ ಕಟ್ಟಡ ಎಬ್ಬಿಸಿ ಕೆಳಗೆ ಅಂಗಡಿ ಬಾಡಿಗೆಗೆ ಕೊಡುವ ಆಲೋಚನೆ ನಮ್ಮಣ್ಣನಿಗೂ ನನಗೂ ಬಂದಿತು. ಆದರೆ ಸಂರಕ್ಷಿತ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಸ್ಮಾರಕದ ಸುತ್ತಲಿನ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. 1992ರ ಜೂನ್ 16ಕ್ಕಿಂತ ಹಿಂದಿನ ಮನೆಗಳನ್ನು ಮಾತ್ರ ಅನುಮತಿ ಪಡೆದು ದುರಸ್ತಿ ಮಾಡಿಸಬಹುದು. ನಮ್ಮ ಮನೆ ಆ 100 ಮೀಟರಿನೊಳಗಿನದು. ನಮಗೆ ಬಹಳ ಸಿಟ್ಟು ಬಂದಿತು. ಬಲ್ಲವರೊಬ್ಬರು ಉಪಾಯ ಹೇಳಿದರು: “ಒಂದು ಮಳೆಗಾಲ ಒಡೆದ ಹಂಚು ಹಾಕಿಸಬೇಡಿರಿ. ಗೋಡೆ ತಾನಾಗಿ ಬೀಳುತ್ತದೆ. ಬಿದ್ದ ಮನೆಯ ಬಗ್ಗೆ ಯಾರೂ ಕೇಳುವುದಿಲ್ಲ.”

ಓದುಗರೇ, ನಾನು ಹಾಗೆಯೇ ಮಾಡಿದೆ. ಹಂಚು ಒಡೆದದ್ದು ನನಗೆ ಗೊತ್ತಿತ್ತು. ಮೃಗಶಿರಾ ಮಳೆ ಹಿಡಿಯಿತು, ಆರಿದ್ರಾ ಸುರಿಯಿತು. ಬಾಡಿಗೆ ಮನೆಯಲ್ಲಿ ಬೆಚ್ಚಗೆ ಮಲಗಿ ಆ ಗೋಡೆಯನ್ನು ನೆನೆಯುತ್ತಿದ್ದೆ.

ಶ್ರಾವಣದಲ್ಲಿ ಒಂದು ದಿನ ನೋಡಲು ಹೋದಾಗ ಪಕ್ಕದ ಮನೆಯ ಅಜ್ಜಿ ಒಳಗೆ ಕರೆದರು. ಒಬ್ಬಂಟಿ ಜೀವ. ನಮ್ಮ ತಾಯಿಗೆ ಬಾಣಂತನದಲ್ಲಿ ನೀರು ಹಾಕಿದ ಕೈ ಅದು. ಅವರ ನಡುಮನೆಯ ಗೋಡೆ ಎದೆಯೆತ್ತರದವರೆಗೆ ಹಸಿಯಾಗಿ, ಕೆಳಗೆ ಎರಡು ಬೋಗುಣಿಗಳನ್ನು ಇಡಲಾಗಿತ್ತು. ಅವರ ಮಾಳಿಗೆಯ ಜಂತೆಗಳೆಲ್ಲ ಕುಳಿತಿದ್ದುದು ಅದೇ ಗೋಡೆಯಲ್ಲಿ. “ತಮ್ಮಾ, ನಿಮ್ಮ ಗ್ವಾಡಿ ಬಿದ್ದರ ನನ್ನ ಮಾಳಗಿ ಎಲ್ಲಿ ನಿಂದರಬೇಕು?” ಎಂದು ಕೇಳಿದರು. ಆ ಮಾತಿನಲ್ಲಿ ಆಪಾದನೆಯಿರಲಿಲ್ಲ. ಹಂಚು ಒಡೆದದ್ದು ನನಗೆ ತಿಳಿದಿಲ್ಲವೆಂದೇ ಅವರು ನಂಬಿದ್ದರು. ನನಗೆ ಉತ್ತರ ಹೊಳೆಯಲಿಲ್ಲ.

ಅದೇ ವಾರ, ಇಂಗ್ಲೆಂಡಿನಲ್ಲಿ ದಾದಿಯಾಗಿರುವ ಅಣ್ಣನ ಮಗಳು ತಾನು ನೋಡಿಬಂದ ಬಾತ್ ನಗರದ ಚಿತ್ರವೊಂದನ್ನು ಕಳುಹಿಸಿದ್ದಳು. ‘ರಾಯಲ್ ಕ್ರೆಸೆಂಟ್’ ಎಂಬ ಆ ಸಾಲು 1767ರಿಂದ 1774ರವರೆಗೆ, ಜಾರ್ಜ್ ಹೆಸರಿನ ರಾಜರ ಕಾಲದಲ್ಲಿ ಕಟ್ಟಿದ್ದು. ಚಂದ್ರನ ಕಲೆಯಂತೆ ಬಾಗಿದ ಒಂದೇ ಮುಖದ ಹಿಂದೆ ಮೂವತ್ತು ಮನೆಗಳು, ನಡುನಡುವೆ ಹಂಚಿಕೊಂಡ ಗೋಡೆಗಳು. ಅವುಗಳಿಗೂ ಕಾನೂನಿನ ರಕ್ಷಣೆಯಿದೆ. 1970ರ ದಶಕದಲ್ಲಿ ಮಹಿಳೆಯೊಬ್ಬರು ತಮ್ಮ ಮುಂಬಾಗಿಲಿಗೆ ಹಳದಿ ಬಣ್ಣ ಬಳಿಸಿದ್ದಕ್ಕೆ ನಗರಸಭೆಯೊಡನೆ ದೊಡ್ಡ ವ್ಯಾಜ್ಯವೇ ನಡೆದು, ಕೊನೆಗೆ ಬಣ್ಣ ಉಳಿಯಿತಂತೆ. “ಚಿಕ್ಕಪ್ಪಾ, ನಮ್ಮ ಓಣಿಯ ಹಾಗೆಯೇ ಇದೆ, ಅಲ್ಲವೇ?” ಎಂದು ಕೆಳಗೆ ಬರೆದಿದ್ದಳು. ಅರಮನೆಯಂಥ ಆ ಸಾಲೆಲ್ಲಿ, ನಮ್ಮ ಮಣ್ಣಿನ ಓಣಿಯೆಲ್ಲಿ! ಆದರೂ ಮಗುವಿನ ಮಾತು ಸುಳ್ಳಾಗಿರಲಿಲ್ಲ.

ಮರುದಿನವೇ ಹಂಚು ಹೊದಿಸಿದೆ. ಮಳೆ ನಿಂತ ಮೇಲೆ ದುರಸ್ತಿಗೆ ಅರ್ಜಿ ಹಾಕಿದೆವು. ಕಾಗದಗಳು ಮೇಜಿನಿಂದ ಮೇಜಿಗೆ ನಡೆದು ಅನುಮತಿ ಬರುವಷ್ಟರಲ್ಲಿ ಮುಂದಿನ ಬೇಸಿಗೆ ಮುಗಿಯುತ್ತ ಬಂದಿತ್ತು. ಗೌಂಡಿ ಸಿಮೆಂಟು ಬೇಡವೆಂದ. ಮಣ್ಣಿನ ಗೋಡೆಯ ಬೆವರು ಒಳಗೇ ಉಳಿದರೆ ಅದು ಕೊಳೆಯುತ್ತದೆಯಂತೆ. ಸುಣ್ಣದ ಗಾರೆ ಮಾಡಿ, ಕರಗಿದ ಭಾಗವನ್ನು ಹೊಸ ಮಣ್ಣಿನಿಂದ ಕಟ್ಟಿದ. ಅಜ್ಜಿಯ ಕಡೆಯ ಖರ್ಚನ್ನೂ ನಾವೇ ವಹಿಸಿದೆವು. ಏಕೆಂದು ಅವರಿಗೆ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಎರಡು ವರ್ಷಗಳ ಹಿಂದೆ ಅವರು ತಮ್ಮ ಮಾಳಿಗೆಯ ಕೆಳಗೆಯೇ ಕಣ್ಣು ಮುಚ್ಚಿದರು. ನಾನು ಹೇಳಬೇಕಾಗಿದ್ದ ಮಾತು ನನ್ನಲ್ಲಿಯೇ ಉಳಿಯಿತು. ಅದನ್ನೇ ಇಂದು ನಿಮ್ಮ ಮುಂದೆ ಇಟ್ಟಿದ್ದೇನೆ.

ದೇವಾಲಯದ ಕಲ್ಲುಗಳನ್ನು ಕಾಯಲು ಸರಕಾರದ ನೀಲಿ ಫಲಕವಿದೆ, ಕಾವಲುಗಾರನಿದ್ದಾನೆ. ಎರಡು ಮನೆಗಳ ನಡುವಿನ ಮಣ್ಣಿನ ಗೋಡೆಗೆ ಆ ಎರಡು ಮನೆಯವರೇ ಕಾವಲು. ಮಳೆಗಾಲ ಸಮೀಪಿಸುತ್ತಿದೆ. ಈ ವರ್ಷವೂ ನಾನು ಏಣಿ ಇಟ್ಟು ಮೇಲೆ ಹತ್ತಿ ಹಂಚುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತೇನೆ. ಮೊದಲು ನೋಡುವುದು ಅಜ್ಜಿಯ ಮನೆಯ ಕಡೆಯ ಸಾಲನ್ನು.