ನಾಟೌಟ್ ಕಳೆದ ಲೆಕ್ಕ

ಶಂಕರನಾರಾಯಣದ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಸರಾಸರಿಯ ಪಾಠ. ರಾಹುಲ್ ದ್ರಾವಿಡರ 13,288 ಟೆಸ್ಟ್ ರನ್ನುಗಳನ್ನು 286 ಇನ್ನಿಂಗ್ಸಿನಿಂದ ಭಾಗಿಸಿ, ಬ್ಯಾಟಿಂಗ್ ಸರಾಸರಿ 46.46 ಎಂದು ಬರೆದೆ. "ಸರ್, ನಾಟೌಟ್ ಕಳೀಕಲ್ದಾ?" ಎಂದಳು ಹಿಂದಿನ ಬೆಂಚಿನ ಹುಡುಗಿ. ತರಗತಿ ನಕ್ಕಿತು. ನಾನು ಬೆವರಿ, ಉತ್ತರಿಸದೆ ಮುಂದಿನ ಲೆಕ್ಕಕ್ಕೆ ಹಾರಿದೆ.

ರಾತ್ರಿ ನಿದ್ದೆ ಬರಲಿಲ್ಲ. ಹೆಚ್ಚಾಗಿ ಸ್ಲಿಪ್‌ನಲ್ಲಿ ನಿಂತು 210 ಟೆಸ್ಟ್ ಕ್ಯಾಚ್ ಹಿಡಿದ ದ್ರಾವಿಡರು 2007ರಲ್ಲಿ ನಾಯಕರಾಗಿ, ವಿಶ್ವಕಪ್‌ನ ಮೊದಲ ಸುತ್ತಿನಲ್ಲೇ ಸೋತು ವೆಸ್ಟ್ ಇಂಡೀಸಿನಿಂದ ಮರಳಿದ್ದರು. 2024ರಲ್ಲಿ ಅಲ್ಲೇ ಟಿ20 ವಿಶ್ವಕಪ್ ಗೆದ್ದ ತಂಡಕ್ಕೆ ತರಬೇತುದಾರರಾಗಿದ್ದರು. ಸೋತ ನೆಲಕ್ಕೆ ಅವರು ಮತ್ತೆ ಹೋಗಿದ್ದರಲ್ಲ ಎಂದುಕೊಂಡೆ.

ಮರುದಿನ ಅದೇ ಹಲಗೆಯ ಮುಂದೆ ತಪ್ಪೊಪ್ಪಿಕೊಂಡು ಚಾಕ್ ಅವಳಿಗೇ ಕೊಟ್ಟೆ. 286ರಲ್ಲಿ 32 ಕಳೆದರೆ 254, ಸರಾಸರಿ 52.31. ಔಟಾದ ಸಲಗಳಿಂದಷ್ಟೇ ಭಾಗಿಸುವುದೆಂದು ಅವಳು ವಿವರಿಸಿದಳು. ನಾನು ಅವಳ ಬೆಂಚಿನಲ್ಲಿ ಕುಳಿತು ಬರೆದುಕೊಂಡೆ.