ಚಳಿಜ್ವರದ ಹಗಲುವೇಷ

‘ದಡಾರ ಒಂದ್ಸಲ ಬಂದು ಹೋತಂದ್ರ ಮತ್ತ ಬರಂಗಿಲ್ಲ. ಈ ಚಳಿಜ್ವರ ಯಾಕ ಹೋಗಿ ಹೋಗಿ ಬರ್ತೈತಿ?’ ಕಂಪ್ಲಿಯಲ್ಲಿ ನಮ್ಮ ಅಜ್ಜಿ ಹೀಗೆ ಕೇಳುತ್ತಿದ್ದಳು. ವಿಜಯನಗರದ ಅರಸರ ಕಾಲದ ಕಾಲುವೆ, ಅದರ ನೀರಿಗೆ ಭತ್ತದ ಗದ್ದೆ, ಗದ್ದೆಯ ಜೊತೆಗೇ ಸೊಳ್ಳೆ. 1953ರಲ್ಲಿ ಹೊಸಪೇಟೆಯ ಅಣೆಕಟ್ಟಿನಲ್ಲಿ ನೀರು ನಿಂತಿತು. ಅದೇ ವರ್ಷ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ ಶುರುವಾಯಿತು. ಡಿಡಿಟಿ ಹೊಡೆಯುವವರು ಗೋಡೆ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಅವರು ಓಣಿ ದಾಟುವಷ್ಟರಲ್ಲಿ ಅಜ್ಜಿ ವಾಸನೆ ತಾಳದೆ ಸುಣ್ಣ ಬಳಿದಿರುತ್ತಿದ್ದಳು!

ಅಕ್ಕನಿಗೆ ಜ್ವರ ಬಿಟ್ಟು, ಶಾಲೆಗೂ ಹೋಗಿ, ಎರಡು ವಾರಕ್ಕೆ ಮತ್ತೆ ಹಾಸಿಗೆ ಹಿಡಿದಳು. ಆ ಸಲ ಎಚ್ಚರವೇ ತಪ್ಪಿತ್ತು. ಪುಣ್ಯಕ್ಕೆ ಉಳಿದಳು. ಮಿದುಳಿಗೆ ಏರುವ ಜಾತಿಯ ಮಲೇರಿಯಾ ಎಂದರು ಡಾಕ್ಟರು.

ಆ ಜಾತಿಯ ಹೆಸರು ಫಾಲ್ಸಿಪಾರಂ. (ವೈವಾಕ್ಸ್ ಎಂಬ ಇನ್ನೊಂದು ಜಾತಿ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಏಳುತ್ತದೆ, ಅದರ ಕಥೆ ಬೇರೆ.) ಇದು ಕೆಂಪು ರಕ್ತಕಣದೊಳಗೆ ಹೊಕ್ಕು, ಕಣದ ಹೊರಮೈಗೆ ತನ್ನದೊಂದು ಪ್ರೋಟೀನನ್ನು ಅಂಟಿಸುತ್ತದೆ. ಒಳಗೆ ಸುಮ್ಮನೆ ಅಡಗಿರಬಾರದೆ? ಆಗದು. ರಕ್ತದೊಡನೆ ಹರಿಯುತ್ತ ಹೋದರೆ ಗುಲ್ಮ ಅದನ್ನು ಸೋಸಿ ಮುಗಿಸಿಬಿಡುತ್ತದೆ. ಹಾಗಾಗಿ ಆ ಪ್ರೋಟೀನಿನಿಂದ ರಕ್ತನಾಳದ ಗೋಡೆಗೆ ಕಚ್ಚಿಕೊಂಡು ನಿಲ್ಲುತ್ತದೆ. ಹೊರಗೆ ಕಂಡದ್ದನ್ನು ನಮ್ಮ ದೇಹದ ಕಾವಲುಗಾರರು ಬಿಡುತ್ತಾರೆಯೇ? ಗುರುತು ಹಿಡಿದು ಹೊಡೆಯುತ್ತಾರೆ, ಜ್ವರ ಇಳಿಯುತ್ತದೆ. ಅಷ್ಟರಲ್ಲಿ ಕೆಲವು ವೇಷ ಬದಲಿಸಿಬಿಟ್ಟಿರುತ್ತವೆ.

ನಮ್ಮ ಬಳ್ಳಾರಿ ಸೀಮೆಯ ಹಗಲುವೇಷದವರು ಇಂದು ಭೀಮ, ನಾಳೆ ಆಂಜನೇಯ ಎಂದು ಬರುತ್ತಿದ್ದರಲ್ಲ, ಹಾಗೆ. ಈ ಜೀವಿಯ ಬಳಿ ಸುಮಾರು 60 ವೇಷಗಳ ಜೀನ್‌ಗಳಿವೆ, ತೊಡುವುದು ಒಂದು ಸಲಕ್ಕೆ ಒಂದೇ. ಪೆಟ್ಟಿಗೆ ಎಲ್ಲಿ? ಅದರ 14 ವರ್ಣತಂತುಗಳನ್ನು ಪೂರ್ತಿ ಓದಿದ್ದು 2002ರಲ್ಲಿ. ಬಹಳಷ್ಟು ವೇಷಗಳು ವರ್ಣತಂತುಗಳ ತುದಿಗಳಲ್ಲೇ ಇವೆ. ಬಿ.ಕಾಂ. ಓದಿದ ನನಗೆ ವರ್ಣತಂತು ಎಂದರೆ ಏನೆಂದು ಮೊಮ್ಮಗಳೇ ಹೇಳಿಕೊಡಬೇಕಾಯಿತು. ಆದರೆ ಈ ತುದಿಯ ಸಂಗತಿ ತಿಳಿದಾಗ ಬೆರಗಾದದ್ದು ಇಬ್ಬರೂ. ಹೊಟ್ಟೆಪಾಡಿನ ಜೀನ್‌ಗಳು ನಡುವೆ ಭದ್ರವಾಗಿರುತ್ತವೆ. ತುದಿಗಳು ಮಾತ್ರ ಜೀವಕಣದ ಕೇಂದ್ರದ ಅಂಚಿನಲ್ಲಿ ಗೊಂಚಲಾಗಿ ಸೇರಿ ಒಂದಕ್ಕೊಂದು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇವನ ಕಿರೀಟ, ಅವನ ಗದೆ, ಹೊಸದೊಂದು ವೇಷ ಸಿದ್ಧ. ಅಲ್ಲದೆ ತುದಿಯ ಭಾಗ ಬಿಗಿಯಾಗಿ ಮಡಚಿಕೊಂಡಿರುವುದರಿಂದ ಬೇಡದ ವೇಷಗಳು ಮುಚ್ಚಿಯೇ ಇರುತ್ತವೆ.

ಮಲೇರಿಯಾ ಬಿಡದ ಊರುಗಳಲ್ಲಿ ದೊಡ್ಡವರ ಮೈ ವರ್ಷಗಟ್ಟಲೆ ನೋಡಿ ನೋಡಿ ಹಲವು ವೇಷಗಳನ್ನು ಗುರುತಿಟ್ಟುಕೊಂಡಿರುತ್ತದೆ. ಎಳೆಯ ಮಕ್ಕಳಿಗೆ ಎಲ್ಲವೂ ಹೊಸತು. ಆಫ್ರಿಕಾದಲ್ಲಿ ಇದಕ್ಕೆ ಬಲಿಯಾಗುವವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನವರು.

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಆರ್-21 ಲಸಿಕೆ ತಯಾರಾಗುವುದು ನಮ್ಮ ಪುಣೆಯಲ್ಲಿ. ಅದು ಈ ವೇಷಗಳ ಗೊಡವೆಗೇ ಹೋಗುವುದಿಲ್ಲ. ಸೊಳ್ಳೆ ಕಚ್ಚಿದ ಮೇಲೆ, ಕ್ರಿಮಿ ಯಕೃತ್ತು ಸೇರುವ ಮೊದಲು, ಇನ್ನೂ ಬಣ್ಣ ಹಚ್ಚದ ಮುಖವನ್ನೇ ಹಿಡಿಯಲು ಅದು ಮೈಗೆ ಕಲಿಸಿಕೊಡುತ್ತದೆ.