ಬ್ಯಾಂಕೂ ಬ್ಯಾಂಡೂ

ಏಳನೇ ತರಗತಿಯ ನನ್ನ ಮೊಮ್ಮಗ ಮೊನ್ನೆ ಒಂದು ತಕರಾರು ತಂದ. ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ಯನ್ನು ನಾನು ಗುನುಗುವ ರೀತಿಯೇ ಸರಿಯಿಲ್ಲವಂತೆ. ಅವನು ಕೇಳಿರುವುದು ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದ್ದು. ನನ್ನ ಕಿವಿಯಲ್ಲಿರುವುದು ಸಿ. ಅಶ್ವತ್ಥ್.

“ಯಾವುದು ಸರಿ, ತಾತ?”

ಎರಡೂ ಸರಿ ಎಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಕಥೆ ಹೇಳಬೇಕಾಯಿತು.

ಅಶ್ವತ್ಥ್ 27 ವರ್ಷ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಹಗಲು ನೌಕರಿ, ಉಳಿದ ಹೊತ್ತು ಹಾಡು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮೈಕ್ರೊಬಯಾಲಜಿಯಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು. ಕೈಯಲ್ಲಿದ್ದ ನೌಕರಿ ಬಿಟ್ಟು ಹಾಡಿಗೆ ಬಂದರು. ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು, ಅದು ಚದುರಿತು. ಎಷ್ಟೋ ವರ್ಷ ಕ್ಯಾಸೆಟ್ ಕಂಪನಿಗಳು ಅವರ ಹಾಡು ಬೇಡವೆಂದವು. ಕೊನೆಗೆ 2008ರಲ್ಲಿ ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿ ಅವರ ಮೊದಲ ಆಲ್ಬಂ ಹೊರತಂದಿತು. ಈ ಶರೀಫರ ಪದ ಅದರಲ್ಲೇ ಇದೆ. ಹೊಸ ತಂಡಕ್ಕೆ ಅವರು ‘ಪ್ರಾಜೆಕ್ಟ್’ ಎಂದು ಹೆಸರಿಟ್ಟಿದ್ದು ವಾದ್ಯಗಾರರು ಬರಲಿ, ಹೋಗಲಿ, ಹಾಡು ನಿಲ್ಲದಿರಲಿ ಎಂದು. ತಮ್ಮ ವಾಸು ದೀಕ್ಷಿತ್ ಅವರ ದಾರಿ ಬೇರೆ. ‘ಸ್ವರಾತ್ಮ’ ತಂಡದಲ್ಲಿ ಎಲ್ಲರೂ ಕೂಡಿ ಹಾಡು ಕಟ್ಟುತ್ತಾರೆ. ವಾಸು ಜಾತ್ರೆಯ ಕೀಲುಕುದುರೆಯಂತೆ ಸೊಂಟಕ್ಕೆ ಕುದುರೆ ಕಟ್ಟಿಕೊಂಡು ಕುಣಿಯುವುದನ್ನು ಫೋನಿನಲ್ಲಿ ನೋಡಿ ನಾನೂ ನಕ್ಕಿದ್ದೇನೆ.

“ನಿಮ್ಮ ಕಾಲದಲ್ಲಿ ಬ್ಯಾಂಡ್ ಇರಲಿಲ್ಲ ಅಲ್ವಾ?” ಎಂದ ಮೊಮ್ಮಗ.

ಇತ್ತು ಮರಿ. ದೊಡ್ಡಬಳ್ಳಾಪುರದಲ್ಲೇ ಇತ್ತು. ಆಗ ಅದಕ್ಕೆ ಆರ್ಕೆಸ್ಟ್ರಾ ಎನ್ನುತ್ತಿದ್ದರು. ಏಳು ಜನ. ನನ್ನದು ಹಾರ್ಮೋನಿಯಂ, ಜೊತೆಗೆ ಬಿ.ಕಾಂ. ಓದಿದ್ದಕ್ಕೆ ಲೆಕ್ಕದ ಪುಸ್ತಕವೂ ನನ್ನದೇ. ಗಣೇಶನ ಹಬ್ಬ, ರಾಜ್ಯೋತ್ಸವ ಬಂದರೆ ನಿದ್ದೆಯಿಲ್ಲ. ಜನ ಚೀಟಿಯಲ್ಲಿ ಸಿನಿಮಾ ಹಾಡಿನ ಹೆಸರು ಬರೆದು ವೇದಿಕೆಗೆ ಕಳಿಸುತ್ತಿದ್ದರು. “ರೆಕಾರ್ಡಿನಲ್ಲಿ ಇದ್ದ ಹಾಗೇ ಇತ್ತು” ಅಂದರೆ ಅದೇ ನಮಗೆ ದೊಡ್ಡ ಬಹುಮಾನ.

ಬೊಂಗೋ ಬಾರಿಸುತ್ತಿದ್ದವನು ನೇಕಾರರ ಮನೆಯ ಹುಡುಗ. ಹಗಲೆಲ್ಲ ಪವರ್‌ಲೂಮ್ ಮುಂದೆ ನಿಲ್ಲುವವನು. ಒಂದು ದಿನ ಮಗ್ಗದ ಟಕಟಕ ಸದ್ದನ್ನೇ ತಾಳ ಮಾಡಿ, ಅದಕ್ಕೆ ತಾನೇ ಪದ ಕಟ್ಟಿ ತಂದ. ನಾನು ರಾಗ ಹಾಕಿದೆ. ಒಂದೇ ಒಂದು ಸಲ ವೇದಿಕೆಯಲ್ಲಿ ಹಾಡಿದೆವು. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದು “ಸಿನಿಮಾ ಹಾಡು ಹಾಡ್ರಯ್ಯಾ” ಎಂದು ಕೂಗಿದರು. ಮುಂದಿನ ಕಾರ್ಯಕ್ರಮದ ಪಟ್ಟಿಯಿಂದ ನಾನೇ ಆ ಹಾಡನ್ನು ಹೊಡೆದುಹಾಕಿದೆ. ಅವನನ್ನು ಒಂದು ಮಾತು ಕೇಳಲಿಲ್ಲ. ಮುಂಗಡ ವಾಪಸ್ ಕೊಡಬೇಕಾದೀತು ಎಂಬ ಗುಮಾಸ್ತನ ಭಯ.

“ಎಷ್ಟು ದಿನ ಅಂತ ಬೇರೆಯವರ ಹಾಡೇ ಹಾಡ್ತೀಯೋ?” ಎಂದ ಅವನು. ಮರುವಾರ ಬರಲಿಲ್ಲ. ಆರು ತಿಂಗಳಲ್ಲಿ ತಂಡವೂ ಮುಗಿಯಿತು. ನನಗೆ ಬೇರೆ ಊರಿಗೆ ವರ್ಗವಾಯಿತು, ಅದೊಂದು ನೆಪ. ಸಂಬಳ ಬರುವ ಕೆಲಸ ಇದ್ದದ್ದಕ್ಕೆ ನನಗೇನೂ ಬೇಸರವಿಲ್ಲ, ಅಶ್ವತ್ಥ್ ಅವರಿಗೂ ಇತ್ತಲ್ಲ. ಅವನನ್ನು ಕೇಳದೆ ಗೆರೆ ಎಳೆದದ್ದು ಮಾತ್ರ ಈಗಲೂ ಚುಚ್ಚುತ್ತದೆ.

ಕಥೆ ಕೇಳಿದ ಮೊಮ್ಮಗ ಬಿಡಲಿಲ್ಲ. ಭಾನುವಾರ ಇಬ್ಬರೂ ಆ ಗೆಳೆಯನ ಮನೆಗೆ ಹೋದೆವು. ಕಾಫಿ ಕುಡಿಯುತ್ತಾ, “ಆ ಹಾಡು ತೆಗೆದದ್ದು ನಂದೇ ತಪ್ಪು ಕಣೋ” ಎಂದೆ. ಅವನು ಉತ್ತರ ಕೊಡದೆ ಲೋಟ ಕೆಳಗಿಟ್ಟು ಸ್ಟೂಲಿನ ಮೇಲೆ ಬೆರಳಾಡಿಸಿದ. ಅದೇ ತಾಳ. ಪಲ್ಲವಿ ಇಬ್ಬರಿಗೂ ಬಂತು. ಚರಣ ಇಬ್ಬರಿಗೂ ಮರೆತಿದೆ.

ಈಗ ಮೊಮ್ಮಗ ಆ ಚರಣವನ್ನು ತಾನೇ ಬರೆಯುತ್ತಿದ್ದಾನೆ. ಪ್ರಾಸ ಎಲ್ಲೆಲ್ಲೋ ತಪ್ಪಿದೆ. ತಿದ್ದಲು ಪೆನ್ನು ಎತ್ತಿಕೊಂಡವನು ಹಾಗೇ ಜೇಬಿಗೆ ಸಿಕ್ಕಿಸಿಕೊಂಡೆ.